ನಗರದ ಅಂಗಳದಲ್ಲಿ ಸ್ತಂಭಾಕಾರದ ನಿತ್ಯಹಸಿರು ಮರ: ಆಯ್ಕೆ, ನಾಟಿ ಮತ್ತು ಪಾಲನೆ

ಠಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿ ಮುಂಬಯಿಯ ವಸತಿ ಸಮುಚ್ಚಯಗಳಲ್ಲಿ ತೆರೆದ ನೆಲವೆಂಬುದು ಅಪರೂಪದ ಸಂಪತ್ತು. ಕಟ್ಟಡಕ್ಕೂ ಆವರಣದ ಗೋಡೆಗೂ ನಡುವೆ ಉಳಿಯುವ ಹತ್ತು ಹದಿನೈದು ಅಡಿ ಅಗಲದ ಪಟ್ಟಿಯೇ ಬಹುತೇಕ ಕಡೆ ಅಲ್ಲಿನ ತೋಟ. ವಾಹನ ನಿಲುಗಡೆ, ನೀರಿನ ನೆಲತೊಟ್ಟಿ, ಒಳಚರಂಡಿ ಇವೆಲ್ಲಕ್ಕೂ ಅದೇ ಪಟ್ಟಿಯಲ್ಲಿ ಸ್ಥಳ ಒದಗಬೇಕು. ಇಂತಹ ಕಡೆ ಅಗಲಕ್ಕೆ ಹರಡದೆ ನೆಟ್ಟಗೆ ಮೇಲೇರುವ, ವರ್ಷವಿಡೀ ಹಸಿರಾಗಿರುವ, ಬೇಗನೆ ಬೆಳೆದು ರಸ್ತೆಯ ಧೂಳಿಗೂ ನೆರೆಯವರ ಕಿಟಕಿಗೂ ಮರೆಯಾಗುವ ಮರವೊಂದು ಬೇಕೆಂದು ನಿವಾಸಿಗಳು ಬಯಸುವುದು ಸಹಜ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನ ಹಿತ್ತಿಲನ್ನು ಇಲ್ಲಿಗೆ ತರಲಾರವು. ಆದರೆ ಗೃಹನಿರ್ಮಾಣ ಸಹಕಾರಿ ಸಂಘದ ಅಂಗಳದಲ್ಲಿ ಒಂದೆರಡು ಮರಗಳನ್ನು ಬೆಳೆಸುವ ಉತ್ಸಾಹ ಅವುಗಳಲ್ಲಿ ಉಳಿದಿದೆ.

ಈ ಬಯಕೆಗೆ ಉತ್ತರವಾಗಿ ಸಸ್ಯಮಾರಾಟಗಾರರು ಸಾಮಾನ್ಯವಾಗಿ ತೋರಿಸುವುದು ಶಂಕುಧಾರಿ ಜಾತಿಯ ಗಿಡಗಳನ್ನು. ಡಿಸೆಂಬರ್ ತಿಂಗಳಲ್ಲಿ ‘ಕ್ರಿಸ್‌ಮಸ್ ಮರ’ ಎಂಬ ಹೆಸರಿನಲ್ಲಿ ಕುಂಡದಲ್ಲಿ ಮನೆ ಸೇರುವ ಎರಡಡಿಯ ಸಸಿ ಅಂಥದ್ದೊಂದು. ಕುಂಡದಲ್ಲಿ ಅದು ಸೌಮ್ಯವಾಗಿ ಕಾಣುತ್ತದೆ. ಕುಂಡ ಸಾಲದಾದಾಗ ಅದನ್ನು ತಂದು ಗೋಡೆಯ ಪಕ್ಕದ ಮಣ್ಣಿನಲ್ಲಿ ಇಡಲಾಗುತ್ತದೆ. ಇಪ್ಪತ್ತು ವರ್ಷಗಳ ಬಳಿಕ ಅದೇ ಗಿಡ ಐದನೆಯ ಅಂತಸ್ತಿನ ಕಿಟಕಿಯ ಬಳಿ ನಿಂತಿರುತ್ತದೆ. ಆಗ ಅದು ಮಳೆಗಾಲದಲ್ಲಿ ಬೀಳುವುದೇ, ಅದನ್ನು ಕಡಿಯಬಹುದೇ, ಅದರ ಹೊಣೆ ಯಾರದು ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರವು ಗಿಡ ನೆಟ್ಟ ದಿನವೇ ನಿರ್ಧಾರವಾಗಿರುತ್ತದೆ. ಆ ದಿನ ತಿಳಿದಿರಬೇಕಾದ ಸಂಗತಿಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶಂಕುಧಾರಿ ವೃಕ್ಷಗಳೆಂದರೇನು?

ಬೀಜ ಬಿಡುವ ಸಸ್ಯಗಳಲ್ಲಿ ಎರಡು ಬಗೆ. ಮಾವು, ಹಲಸು, ಬೇವು ಮೊದಲಾದವುಗಳ ಬೀಜ ಹಣ್ಣಿನೊಳಗೆ ಮುಚ್ಚಿರುತ್ತದೆ. ಇವು ಹೂ ಬಿಡುವ ಸಸ್ಯಗಳು. ಇನ್ನೊಂದು ಬಗೆಯಲ್ಲಿ ಹೂವೂ ಇಲ್ಲ, ಹಣ್ಣೂ ಇಲ್ಲ. ಗಟ್ಟಿಯಾದ ಹಲ್ಲೆಗಳು ಒತ್ತಾಗಿ ಜೋಡಿಸಿಕೊಂಡ ಶಂಕುವಿನಾಕಾರದ ಕಾಯಿಯಲ್ಲಿ ಬೀಜಗಳು ತೆರೆದೇ ಇರುತ್ತವೆ. ಇಂತಹ ಶಂಕುಗಳನ್ನು ಧರಿಸುವುದರಿಂದ ಈ ಮರಗಳಿಗೆ ಶಂಕುಧಾರಿಗಳೆಂದು ಹೆಸರು. ಹಿಮಾಲಯದ ದೇವದಾರು, ಪೈನ್, ಸೈಪ್ರೆಸ್‌ಗಳು ಈ ವರ್ಗಕ್ಕೆ ಸೇರಿದವು. ಇವುಗಳ ಎಲೆ ಸೂಜಿಯಂತೆ ಅಥವಾ ಮೀನಿನ ಹುರುಪೆಯಂತೆ ಕಿರಿದಾಗಿರುತ್ತದೆ. ಬಹುತೇಕ ಜಾತಿಗಳು ಎಲೆಗಳನ್ನು ಒಮ್ಮೆಲೇ ಉದುರಿಸದೆ ವರ್ಷವಿಡೀ ಹಸಿರನ್ನು ಉಳಿಸಿಕೊಳ್ಳುತ್ತವೆ.

ನಮ್ಮ ಕರಾವಳಿಗೆ ಈ ವರ್ಗ ಹೊಸದು. ದಕ್ಷಿಣ ಭಾರತದ ಪಶ್ಚಿಮ ಘಟ್ಟಗಳಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು. ನಾಗೇಯ ವಾಲಿಚಿಯಾನ ಎಂಬ ಆ ಮರ ದಕ್ಷಿಣದ ದಟ್ಟ ಮಳೆಕಾಡುಗಳಲ್ಲಿ ಅಪರೂಪವಾಗಿ ಕಾಣಸಿಗುತ್ತದೆ. ಉಳಿದ ಶಂಕುಧಾರಿಗಳೆಲ್ಲವೂ ಈ ಭಾಗಕ್ಕೆ ಹೊರಗಿನಿಂದ ಬಂದವು.

ಕಡಲತೀರದ ಗಾಳಿಮರವನ್ನು ಅನೇಕರು ಶಂಕುಧಾರಿಯೆಂದೇ ಭಾವಿಸುತ್ತಾರೆ. ಕನ್ನಡದಲ್ಲಿ ಸರ್ವೆ ಎಂದೂ ಮರಾಠಿಯಲ್ಲಿ ಸುರು ಎಂದೂ ಕರೆಯಲ್ಪಡುವ ಇದನ್ನು 1868ರಲ್ಲಿ ಸೌದೆಗಾಗಿ ಕಾರವಾರದಲ್ಲಿ ಬೆಳೆಸಲಾರಂಭಿಸಿದರು; ಅಲ್ಲಿಂದ ಅದು ದೇಶದ ಕರಾವಳಿಗಳಲ್ಲಿ ಹರಡಿತು. ಸೂಜಿಯಂತೆ ಕಾಣುವ ಅದರ ‘ಎಲೆ’ಗಳು ವಾಸ್ತವವಾಗಿ ಗಿಣ್ಣುಗಳುಳ್ಳ ಸಣ್ಣ ಕಡ್ಡಿಗಳು, ನಿಜವಾದ ಎಲೆಗಳು ಆ ಗಿಣ್ಣುಗಳಲ್ಲಿ ಸೂಕ್ಷ್ಮ ಹಲ್ಲುಗಳಂತಿವೆ. ಗಾಳಿಮರವು ಹೂ ಬಿಡುವ ಸಸ್ಯ. ಹಗುರವಾದ ಮರಳುನೆಲದಲ್ಲಿ ಸೊಗಸಾಗಿ ಬೆಳೆಯುವ ಇದು ಬಹಳ ಎತ್ತರಕ್ಕೆ ಏರುವುದರಿಂದ ಕಟ್ಟಡಗಳ ನಡುವಿನ ಇಕ್ಕಟ್ಟಿಗೆ ಒಗ್ಗದು.

ಹವಾಮಾನವೇ ಮೊದಲ ಪರೀಕ್ಷೆ

ಪಾಶ್ಚಾತ್ಯ ತೋಟಗಾರಿಕೆಯ ಪುಸ್ತಕಗಳಲ್ಲಿ ಶೀಘ್ರವಾಗಿ ಬೆಳೆಯುವ ಸ್ತಂಭಾಕಾರದ ಮರವೆಂದು ಪ್ರಸಿದ್ಧವಾಗಿರುವುದು ಲೇಲ್ಯಾಂಡ್ ಸೈಪ್ರೆಸ್. ಉತ್ತರ ಅಮೆರಿಕದ ಎರಡು ಜಾತಿಗಳು ಬ್ರಿಟನ್ನಿನ ವೇಲ್ಸ್ ಪ್ರಾಂತದ ಲೇಟನ್ ಹಾಲ್ ಎಂಬ ಎಸ್ಟೇಟಿನಲ್ಲಿ ಅಕ್ಕಪಕ್ಕ ಬೆಳೆದಿದ್ದು, 1888ರಲ್ಲಿ ಅವುಗಳಿಂದ ತಾನಾಗಿ ಹುಟ್ಟಿದ ಸಂಕರ ತಳಿ ಇದು. ಅಲ್ಲಿ ಬೇಲಿಯಾಗಿ ನೆಟ್ಟ ಈ ಮರಗಳು ಅತಿ ವೇಗವಾಗಿ ಎತ್ತರಕ್ಕೆ ಬೆಳೆದು ನೆರೆಮನೆಗಳ ಬೆಳಕನ್ನು ಮರೆಮಾಡಿದವು. ವ್ಯಾಜ್ಯಗಳು ಎಷ್ಟು ಹೆಚ್ಚಿದವೆಂದರೆ, ಎರಡು ಮೀಟರಿಗಿಂತ ಎತ್ತರದ ನಿತ್ಯಹಸಿರು ಬೇಲಿಗಳ ಬಗೆಗಿನ ದೂರುಗಳನ್ನು ವಿಚಾರಿಸಲು ಬ್ರಿಟನ್ನಿನ ಸಂಸತ್ತು 2003ರ ಕಾಯಿದೆಯೊಂದರಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಬೇಕಾಯಿತು. ವೇಗವಾಗಿ ಬೆಳೆಯುವ ಗುಣವೇ ತೊಡಕಾಗಿ ಪರಿಣಮಿಸಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ತಂಪು ನಾಡಿನ ಆ ಮರ ಠಾಣೆಯ ಸೆಕೆಗೆ ಹೊಂದಲಾರದು. ಇಟಲಿಯ ಚಿತ್ರಗಳಲ್ಲಿ ಕಾಣುವ, ದೀಪಸ್ತಂಭದಂತೆ ನೇರವಾದ ಸೈಪ್ರೆಸ್ ಮರಕ್ಕೆ ಬೇರೊಂದು ಅಡಚಣೆಯಿದೆ. ಅದರ ತವರಾದ ಮೆಡಿಟರೇನಿಯನ್ ಪ್ರದೇಶದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ; ಬೇಸಿಗೆ ಒಣಗಿರುತ್ತದೆ. ಕೊಂಕಣದಲ್ಲಿ ಕ್ರಮ ತಲೆಕೆಳಗು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಆಗ ಹವೆ ಬೆಚ್ಚಗೂ ಇರುತ್ತದೆ. ಬೆಚ್ಚನೆಯ ಕೆಸರಿನಲ್ಲಿ ವಾರಗಟ್ಟಲೆ ನಿಂತ ಬೇರುಗಳಿಗೆ ಗಾಳಿ ದೊರೆಯದೆ ಶಿಲೀಂಧ್ರಗಳು ತಗಲಿ ಬೇರು ಕೊಳೆಯುತ್ತದೆ. ಗಿಡ ಸಾಯುತ್ತಿರುವುದು ಹೊರಗೆ ಗೊತ್ತಾಗುವುದು ಅಕ್ಟೋಬರ್ ಬಿಸಿಲಿನಲ್ಲಿ ಎಲೆ ಕಂದಿದಾಗ. ನೀರು ಸಾಲದೆಂದು ಬಗೆದು ಮತ್ತಷ್ಟು ನೀರೆರೆಯುವುದು ಆಗ ಸಾಮಾನ್ಯವಾಗಿ ನಡೆಯುವ ತಪ್ಪು.

ಹೀಗಾಗಿ ಈ ಪ್ರದೇಶಕ್ಕೆ ಬೇಕಾದುದು ಉಷ್ಣವಲಯದ, ಸಾಗರತೀರದ, ಉಪ್ಪುಗಾಳಿಯನ್ನು ತಾಳಬಲ್ಲ ಶಂಕುಧಾರಿ. ಅಂತಹ ಮರವೊಂದಿದೆ.

ಕುಕ್ ಪೈನ್: ದ್ವೀಪದಿಂದ ಬಂದ ಮರ

ಆಸ್ಟ್ರೇಲಿಯದ ಪೂರ್ವಕ್ಕೆ ಪೆಸಿಫಿಕ್ ಸಾಗರದಲ್ಲಿರುವ ನ್ಯೂ ಕ್ಯಾಲಿಡೋನಿಯ ದ್ವೀಪಸಮೂಹವು ಸುಮಾರು 20ರಿಂದ 23 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಠಾಣೆ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಮಭಾಜಕ ವೃತ್ತದಿಂದ ಎರಡೂ ಬಹುಮಟ್ಟಿಗೆ ಸಮದೂರದಲ್ಲಿವೆ. 1774ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನದಲ್ಲಿ ಈ ದ್ವೀಪಗಳನ್ನು ಸಮೀಪಿಸಿದಾಗ ದೂರದಲ್ಲಿ ಎತ್ತರವಾದ ಕಂಬಗಳ ಸಾಲು ಕಾಣಿಸಿತು. ಅವು ಬಸಾಲ್ಟ್ ಶಿಲೆಯ ಸ್ತಂಭಗಳೆಂದು ಹಡಗಿನಲ್ಲಿದ್ದ ವಿದ್ವಾಂಸರು ವಾದಿಸಿದರು. ಮರಗಳಿರಬೇಕೆಂದು ಕುಕ್ ಹೇಳಿದ. ಹತ್ತಿರ ಹೋದಾಗ ನಾವಿಕನ ಮಾತೇ ನಿಜವಾಯಿತು. ಆ ದ್ವೀಪಕ್ಕೆ ಆತ ‘ಪೈನ್ ಮರಗಳ ದ್ವೀಪ’ ಎಂದು ಹೆಸರಿಟ್ಟ. ಮರಕ್ಕೆ ಆತನ ಹೆಸರೇ ಬಂದಿತು. ಅದರ ಶಾಸ್ತ್ರೀಯ ನಾಮ ಅರಾಕೇರಿಯ ಕೊಲಮ್ನಾರಿಸ್; ಎರಡನೆಯ ಪದದ ಅರ್ಥ ‘ಸ್ತಂಭದಂತಿರುವ’ ಎಂದೇ. ಹೆಸರಿನಲ್ಲಿ ಪೈನ್ ಇದ್ದರೂ ಇದು ಹಿಮಾಲಯದ ಪೈನ್ ಮರಗಳ ಕುಟುಂಬಕ್ಕೆ ಸೇರಿದುದಲ್ಲ.

ಬೆಂಗಳೂರಿನ ಲಾಲ್‌ಬಾಗ್ ನೋಡಿದವರಿಗೆ ಅರಾಕೇರಿಯ ಹೊಸದೇನೂ ಅಲ್ಲ. ಉದ್ಯಾನದ ಇತರ ಮರಗಳನ್ನು ಮೀರಿ ಗೋಪುರದಂತೆ ನಿಂತಿರುವ ಆ ಮರಗಳನ್ನು ದೂರದಿಂದಲೇ ಗುರುತಿಸಬಹುದು. ಆದರೆ ಲಾಲ್‌ಬಾಗಿನ ವಿಸ್ತಾರ 240 ಎಕರೆ ಎಂಬುದನ್ನು ನಮ್ಮ ಅಂಗಳದಲ್ಲಿ ನಿಂತು ಯೋಚಿಸುವಾಗ ಮರೆಯಬಾರದು.

ಈ ಮರದ ಸ್ತಂಭಾಕಾರಕ್ಕೆ ಕಾರಣ ಅದರ ವಿಶಿಷ್ಟ ಬೆಳವಣಿಗೆ. ಕಾಂಡದಿಂದ ಸುತ್ತಲೂ ಹೊರಡುವ ಮೊದಲ ಕೊಂಬೆಗಳು ಕಾಲಕ್ರಮದಲ್ಲಿ ಉದುರಿ, ಅವುಗಳ ಸ್ಥಾನದಲ್ಲಿ ಗಿಡ್ಡ ಕೊಂಬೆಗಳು ಮೂಡುತ್ತವೆ. ಆದ್ದರಿಂದ ಮರ ವಯಸ್ಸಾದಂತೆ ಅಗಲವಾಗುವ ಬದಲು ಕಂಬದ ರೂಪ ಪಡೆಯುತ್ತದೆ. ತವರಿನಲ್ಲಿ ಅದು 60 ಮೀಟರ್‌ವರೆಗೂ ಬೆಳೆಯಬಲ್ಲದು. ಒಳ್ಳೆಯ ಮಣ್ಣು, ಬಿಸಿಲು, ನೀರು ದೊರೆತಲ್ಲಿ ವರ್ಷಕ್ಕೆ ಸುಮಾರು ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೆ ಏರುತ್ತದೆ. ಕಟ್ಟಡದ ಒಂದು ಅಂತಸ್ತನ್ನು ಮೂರು ಮೀಟರ್ ಎಂದಿಟ್ಟುಕೊಂಡರೆ, ಇಪ್ಪತ್ತು ವರ್ಷಗಳಲ್ಲಿ ಮರ ಮೂರರಿಂದ ಆರು ಅಂತಸ್ತುಗಳ ಎತ್ತರವನ್ನು ಮುಟ್ಟುತ್ತದೆಂದು ಲೆಕ್ಕ ಹಾಕಬಹುದು.

ಮಾರುಕಟ್ಟೆಯಲ್ಲಿ ಇದನ್ನು ಅದರ ಹತ್ತಿರದ ಬಂಧುವಾದ ನಾರ್ಫೋಕ್ ದ್ವೀಪದ ಪೈನ್ ಎಂಬ ಹೆಸರಿನಲ್ಲಿಯೂ ಮಾರುತ್ತಾರೆ. ಎಳೆಯ ಸಸಿಗಳಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಬಲಿತಾಗ ನಾರ್ಫೋಕ್ ಮರ ಅಗಲವಾದ ಗೋಪುರದಂತೆ ಕೊಂಬೆ ಚಾಚುತ್ತದೆ. ಕುಕ್ ಪೈನ್ ಕಿರಿದಾಗಿ ನಿಲ್ಲುತ್ತದೆ. ಯಾವುದೆಂದು ಖಚಿತವಿಲ್ಲದಿರುವಾಗ ಅಗಲವಾಗುವ ಮರಕ್ಕೆ ಬೇಕಾದಷ್ಟು ಸ್ಥಳವನ್ನೇ ಬಿಡುವುದು ವಿವೇಕ.

ಸಣ್ಣ ಅಂಗಳಕ್ಕೆ ಬೇರೆ ಆಯ್ಕೆಗಳು

ಅಷ್ಟು ಎತ್ತರದ ಮರಕ್ಕೆ ಸ್ಥಳವಿಲ್ಲದ ಕಡೆ ಥೂಜಾ ಗಿಡವನ್ನು ಪರಿಶೀಲಿಸಬಹುದು. ನವಿಲಿನ ಗರಿಯಂತೆ ಚಪ್ಪಟೆಯಾಗಿ ಹರಡುವ ಅದರ ಎಲೆಗೊಂಚಲನ್ನು ಕಂಡು ಮರಾಠಿಯಲ್ಲಿ ಅದನ್ನು ಮೋರಪಂಖಿ ಎನ್ನುತ್ತಾರೆ. ಚೀನಾ ಮೂಲದ ಈ ಶಂಕುಧಾರಿ ನಿಧಾನವಾಗಿ ಬೆಳೆದು ಆಳೆತ್ತರಕ್ಕೆ ಅಥವಾ ಅದರ ಎರಡರಷ್ಟು ಎತ್ತರಕ್ಕೆ ಸುಲಭವಾಗಿ ಹಿಡಿತದಲ್ಲಿರುತ್ತದೆ. ಎರಡರಿಂದ ಮೂರು ಅಡಿ ಅಂತರದಲ್ಲಿ ನೆಟ್ಟರೆ ಹಸಿರು ಬೇಲಿಯಾಗುತ್ತದೆ. ದೊಡ್ಡ ಕುಂಡದಲ್ಲೂ ಅನೇಕ ವರ್ಷ ಬಾಳುತ್ತದೆ. ಆದರೆ ನೀರು ನಿಲ್ಲುವ ನೆಲವನ್ನು ಅದು ಸಹಿಸದು.

ಶಂಕುಧಾರಿಯೇ ಬೇಕೆಂಬ ಹಟವಿಲ್ಲದವರಿಗೆ ನಮ್ಮ ನಾಡಿನದೇ ಸ್ತಂಭಾಕಾರದ ಮರವಿದೆ. ವಸಾಹತುಗಳ ದಾರಿಬದಿಯಲ್ಲಿ ಇಳಿಬಿದ್ದ ಎಲೆಗಳೊಡನೆ ಸಾಲಾಗಿ ನಿಂತಿರುವ, ಜನ ಅಶೋಕವೆಂದು ಕರೆಯುವ ಮರವೇ ಅದು. ಸೀತಾಶೋಕವೆಂಬ ಕೆಂಪು ಹೂವಿನ ನಿಜವಾದ ಅಶೋಕವೇ ಬೇರೆ. ಈ ಮರ ಸೀತಾಫಲದ ಕುಟುಂಬಕ್ಕೆ ಸೇರಿದ್ದು, ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ಮೂಲ. ನೇರವಾದ ಕಾಂಡವನ್ನು ಹಿಂದೆ ಹಾಯಿಹಡಗುಗಳ ಕೂವೆಮರಕ್ಕೆ ಬಳಸುತ್ತಿದ್ದರು. ಇದರ ಹಣ್ಣನ್ನು ಬಾವಲಿ, ಕೋಗಿಲೆಗಳು ತಿನ್ನುತ್ತವೆ. ಹಸಿರು ಚುಕ್ಕೆಯ ರೆಕ್ಕೆಗಳುಳ್ಳ ‘ಜೇ’ ಜಾತಿಯ ಚಿಟ್ಟೆಗಳ ಮರಿಹುಳುಗಳು ಇದರ ಎಲೆಯನ್ನೇ ಆಶ್ರಯಿಸಿವೆ. ಹೊರಗಿನಿಂದ ಬಂದ ಶಂಕುಧಾರಿ ಮರವು ಇಲ್ಲಿಯ ಹಕ್ಕಿ ಚಿಟ್ಟೆಗಳಿಗೆ ಇಷ್ಟು ಆಹಾರವನ್ನು ಒದಗಿಸದು. ಆದ್ದರಿಂದ ಅಂಗಳದಲ್ಲಿ ಒಂದು ಕುಕ್ ಪೈನ್ ಇದ್ದರೆ, ಅದರ ಜೊತೆಗೆ ನಾಡಿನ ಮರಗಳೂ ಎರಡು ಮೂರು ಇರುವುದು ಮೇಲು.

ಸ್ಥಳದ ಆಯ್ಕೆ

ನೆಡುವ ಮುನ್ನ ಸ್ಥಳದಲ್ಲಿ ನಿಂತು ಮೊದಲು ಮೇಲಕ್ಕೆ ನೋಡಬೇಕು. ವಿದ್ಯುತ್ ತಂತಿ, ದೂರವಾಣಿಯ ಕೇಬಲ್ಲು, ಮೇಲ್ಮಹಡಿಯ ಚಾಚು ಇವುಗಳ ಕೆಳಗೆ ನೇರವಾಗಿ ಏರುವ ಮರವನ್ನು ಎಂದಿಗೂ ನೆಡಬಾರದು. ಅನಂತರ ಕೆಳಕ್ಕೆ ನೋಡಬೇಕು. ನೀರಿನ ನೆಲತೊಟ್ಟಿ, ಒಳಚರಂಡಿ, ಕೊಳವೆ ಅನಿಲದ ಮಾರ್ಗ, ಭೂಗತ ವಿದ್ಯುತ್ ಕೇಬಲ್ಲು ಎಲ್ಲಿ ಹಾದುಹೋಗಿವೆ ಎಂಬುದನ್ನು ಸಂಘದ ಕಚೇರಿಯ ನಕ್ಷೆಯಲ್ಲಿ ಪರಿಶೀಲಿಸಿದ ಬಳಿಕವೇ ಗುಂಡಿ ತೋಡಬೇಕು. ಕುಕ್ ಪೈನ್ ಮರಕ್ಕೆ ಕಟ್ಟಡದಿಂದ ಕನಿಷ್ಠ ಆರು ಮೀಟರ್, ಆವರಣದ ಗೋಡೆಯಿಂದ ಮೂರು ಮೀಟರ್, ಮರದಿಂದ ಮರಕ್ಕೆ ನಾಲ್ಕೈದು ಮೀಟರ್ ಅಂತರವಿರಲಿ. ಇಷ್ಟು ಅಂತರ ಹೊಂದದಿದ್ದರೆ ಆ ಸ್ಥಳ ಈ ಮರಕ್ಕೆ ತಕ್ಕುದಲ್ಲವೆಂದೇ ತಿಳಿಯಬೇಕು.

ಮಣ್ಣಿನ ಗುಣವೂ ಊರಿನಿಂದ ಊರಿಗೆ ಬೇರೆ. ಕಲ್ಯಾಣದಲ್ಲಿ ಉಲ್ಲಾಸ ನದಿಯ ಬಯಲಿನ ಜಿಗುಟಾದ ಮಣ್ಣು ಮಳೆಗಾಲದಲ್ಲಿ ನೀರನ್ನು ಹಿಡಿದಿಡುತ್ತದೆ. ಠಾಣೆಯ ಯೇವೂರು ಗುಡ್ಡಗಳ ತಪ್ಪಲಿನಲ್ಲಿಯೂ ಪಾರಸಿಕ ಗುಡ್ಡದ ಬುಡದಲ್ಲಿಯೂ ತೆಳುವಾದ ಮಣ್ಣಿನ ಕೆಳಗೆ ಬಸಾಲ್ಟ್ ಬಂಡೆ ಇರುತ್ತದೆ. ಬೇರು ಆಳಕ್ಕೆ ಇಳಿಯದು. ನವಿ ಮುಂಬಯಿಯನ್ನು ರೂಪಿಸಲು 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆ ಬೆಳೆಸಿದ ಬಡಾವಣೆಗಳಲ್ಲಿ ಹಲವು ಖಾರಿಯ ಅಂಚಿನ ಜೌಗುನೆಲವನ್ನು ಮಣ್ಣು ತುಂಬಿ ಏರಿಸಿದ ಜಾಗಗಳು. ಅಲ್ಲಿ ಮೇಲ್ಮಣ್ಣಿನ ಕೆಳಗೆ ಕಲ್ಲು, ಇಟ್ಟಿಗೆಯ ಚೂರು, ಕೆಲವೆಡೆ ಉಪ್ಪಿನ ಅಂಶ ಸಿಗುವುದುಂಟು. ಒಂದು ಸುಲಭ ಪರೀಕ್ಷೆಯಿದೆ. ಎರಡಡಿ ಆಳದ ಗುಂಡಿಗೆ ನೀರು ತುಂಬಿಸಿ ಬಿಡಿ. ಮರುದಿನವೂ ನೀರು ನಿಂತಿದ್ದರೆ ಶಂಕುಧಾರಿ ಗಿಡವನ್ನು ಅಲ್ಲಿ ನೆಡದಿರುವುದೇ ಲೇಸು.

ಸಸಿಯ ಆಯ್ಕೆ

ಸಸಿ ಕೊಳ್ಳುವಾಗ ಮೂರು ಸಂಗತಿಗಳನ್ನು ನೋಡಬೇಕು.

ಮೊದಲನೆಯದು, ನಡುವಿನ ತುದಿಚಿಗುರು. ಅರಾಕೇರಿಯ ಒಂದೇ ನೇರ ಕಾಂಡದಲ್ಲಿ ಬೆಳೆಯುವ ಮರ. ತುದಿ ಮುರಿದರೆ ಎರಡು ಮೂರು ತುದಿಗಳು ಹೊರಟು ಆಕಾರವೂ ಬಲವೂ ಕೆಡುತ್ತವೆ. ತುದಿ ಮುರಿದ ಸಸಿ ಅಗ್ಗವೆಂದು ಕೊಳ್ಳಬಾರದು.

ಎರಡನೆಯದು, ಸಸಿ ಬೀಜದಿಂದ ಬಂದುದೇ ಎಂಬುದು. ಪಕ್ಕದ ಕೊಂಬೆಯನ್ನು ಕತ್ತರಿಸಿ ಬೇರು ಬರಿಸಿದ ಗಿಡ, ತಾನಿನ್ನೂ ಕೊಂಬೆಯೇ ಎಂಬಂತೆ ಅಡ್ಡಲಾಗಿಯೇ ಬೆಳೆಯುತ್ತದೆ, ನೆಟ್ಟಗಾಗುವುದಿಲ್ಲ. ಬೀಜದ ಜೀವಶಕ್ತಿ ಅಲ್ಪಕಾಲದ್ದಾದುದರಿಂದ ಮನೆಯಲ್ಲಿ ಬಿತ್ತುವವರು ಹೊಸ ಬೀಜವನ್ನೇ ಬಳಸಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದು ಬೇರು. ಪ್ಲಾಸ್ಟಿಕ್ ಚೀಲದಲ್ಲಿ ಅಥವಾ ಕುಂಡದಲ್ಲಿ ಬಹುಕಾಲ ಇದ್ದ ಗಿಡದ ಬೇರುಗಳು ಒಳಗೋಡೆಯನ್ನು ಅನುಸರಿಸಿ ಸುರುಳಿ ಸುತ್ತುತ್ತವೆ. ನೆಲಕ್ಕೆ ಇಟ್ಟ ಮೇಲೂ ಅವು ಸುತ್ತುವುದನ್ನು ಬಿಡುವುದಿಲ್ಲ. ಮೇಲೆ ಮರ ಹಸಿರಾಗಿ ಏರುತ್ತಿದ್ದರೂ ಕೆಳಗೆ ಅದನ್ನು ಹಿಡಿದಿಡಲು ಹರಡಿದ ಬೇರುಗಳಿರುವುದಿಲ್ಲ. ಇಂತಹ ಮರ ಬಿರುಗಾಳಿಗೆ ಬುಡಸಮೇತ ಉರುಳುತ್ತದೆ. ಕುಂಡದಲ್ಲಿ ಹಲವು ವರ್ಷ ಇದ್ದ ‘ಕ್ರಿಸ್‌ಮಸ್ ಮರ’ವನ್ನು ನೆಲಕ್ಕೆ ಇಡುವಾಗ ಈ ಅಪಾಯ ಹೆಚ್ಚು. ಒಂದೆರಡು ಅಡಿಯ ಎಳೆಯ ಸಸಿಯನ್ನೇ ಆರಿಸುವುದು, ಹೊರಸುತ್ತಿನ ಸುರುಳಿಬೇರುಗಳನ್ನು ಬಿಡಿಸುವುದು ಅಥವಾ ಹರಿತವಾದ ಚಾಕುವಿನಿಂದ ಕತ್ತರಿಸುವುದು ಇದಕ್ಕೆ ಪರಿಹಾರ. ಬೇರು ಹಗ್ಗದಂತೆ ದಪ್ಪವಾಗಿ ಬುಡವನ್ನೇ ಸುತ್ತಿದ್ದರೆ ಆ ಗಿಡವನ್ನು ಕುಂಡದಲ್ಲೇ ಉಳಿಸಿಕೊಳ್ಳಬೇಕು.

ನೆಡುವ ಕ್ರಮ

ಮುಂಗಾರಿನ ಮೊದಲ ಮಳೆಗಳು ನೆಲವನ್ನು ನೆನೆಸಿದ ಬಳಿಕ, ಜೂನ್ ಅಂತ್ಯದಿಂದ ಜುಲೈವರೆಗೆ ನೆಡಲು ಸೂಕ್ತ ಕಾಲ. 1950ರಲ್ಲಿ ಕೇಂದ್ರ ಸಚಿವ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವೂ ಜುಲೈ ಮೊದಲ ವಾರದಲ್ಲೇ ನಡೆಯುತ್ತದೆ.

ಗುಂಡಿ ಸುಮಾರು ಎರಡಡಿ ಆಳವೂ ಮೂರರಿಂದ ನಾಲ್ಕು ಅಡಿ ಅಗಲವೂ ಇರಲಿ. ಆಳಕ್ಕಿಂತ ಅಗಲ ಮುಖ್ಯ, ಏಕೆಂದರೆ ಬೇರು ಹರಡುವುದು ಪಕ್ಕಕ್ಕೆ. ತೆಗೆದ ಮಣ್ಣಿನಿಂದ ಕಲ್ಲು, ಸಿಮೆಂಟಿನ ಗಟ್ಟಿಗಳನ್ನು ಆರಿಸಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಬೆರೆಸಬೇಕು. ಜಿಗುಟು ಮಣ್ಣಾದರೆ ಸಸಿಯನ್ನು ಸುತ್ತಲಿನ ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರದ ದಿಬ್ಬದ ಮೇಲೆ ನೆಡುವುದು ಒಳ್ಳೆಯದು. ಮಳೆನೀರು ಬುಡದಿಂದ ಹರಿದುಹೋಗುತ್ತದೆ. ಚೀಲವನ್ನು ಪೂರ್ತಿಯಾಗಿ ತೆಗೆಯಬೇಕು. ಚೀಲದಲ್ಲಿದ್ದಾಗ ಮಣ್ಣು ಕಾಂಡದ ಯಾವ ಮಟ್ಟಕ್ಕಿತ್ತೋ ಅದೇ ಮಟ್ಟಕ್ಕೆ ಮಣ್ಣು ಮುಚ್ಚಬೇಕು. ಕಾಂಡವನ್ನು ಆಳವಾಗಿ ಹೂತರೆ ಬುಡ ಕೊಳೆಯುತ್ತದೆ.

ಗಾಳಿಯ ಕಡೆಗೆ ಒಂದು ಊರುಗೋಲು ನೆಟ್ಟು ಮೃದುವಾದ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ಒಂದು ವರ್ಷದ ಬಳಿಕ ಅದನ್ನು ತೆಗೆಯುವುದು ಅವಶ್ಯ. ಗಾಳಿಗೆ ತುಸು ಅಲುಗಾಡುವ ಗಿಡವೇ ಬುಡವನ್ನು ದಪ್ಪಗೊಳಿಸಿ ಬೇರನ್ನು ಬಲಪಡಿಸಿಕೊಳ್ಳುತ್ತದೆ.

ಪಾಲನೆ

ಮೊದಲ ಎರಡು ಬೇಸಿಗೆಗಳು ಪರೀಕ್ಷೆಯ ಕಾಲ. ಮಾರ್ಚ್‌ನಿಂದ ಮೇವರೆಗೆ ವಾರಕ್ಕೆ ಎರಡು ಬಾರಿ, ನೀರು ಒಂದಡಿ ಆಳಕ್ಕೆ ಇಳಿಯುವಂತೆ ನಿಧಾನವಾಗಿ ಎರೆಯಬೇಕು. ದಿನವೂ ಸ್ವಲ್ಪ ಸ್ವಲ್ಪ ಎರೆದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಒಣ ಎಲೆಗಳನ್ನು ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಿರಲಿ.

ಒಣ ಹವೆಯಲ್ಲಿ ಥೂಜಾಕ್ಕೆ ಜೇಡನುಸಿ ತಗಲಿ ಎಲೆ ಮಾಸಲಾಗುವುದುಂಟು. ಹಿಟ್ಟುತಿಗಣೆಯೂ ಕಾಣಿಸಿಕೊಳ್ಳಬಹುದು. ಮೊದಲ ಹಂತದಲ್ಲಿ ನೀರನ್ನು ರಭಸದಿಂದ ಸಿಂಪಡಿಸಿ ತೊಳೆದರೆ ಸಾಕು, ಧೂಳೂ ಹೋಗುತ್ತದೆ. ಗಿಡದ ಒಳಭಾಗದ ಹಳೆಯ ಎಲೆಗಳು ಕಂದಾಗಿ ಉದುರುವುದು ರೋಗವಲ್ಲ. ತುದಿಯ ಹೊಸ ಎಲೆಗಳೇ ಕಂದಿದರೆ ಬೇರಿನ ಕಡೆ ಗಮನ ಹರಿಸಬೇಕು.

ಕತ್ತರಿಸುವ ವಿಷಯದಲ್ಲಿ ಎಚ್ಚರ ಬೇಕು. ಥೂಜಾವನ್ನು ಹಸಿರು ಭಾಗದಲ್ಲಿ ಮಾತ್ರ ಸವರಬೇಕು. ಎಲೆಯಿಲ್ಲದ ಹಳೆಯ ಕಡ್ಡಿಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ಕುಕ್ ಪೈನ್ ಮರದ ತುದಿಯನ್ನು ಎತ್ತರ ತಗ್ಗಿಸಲೆಂದು ಕತ್ತರಿಸಲೇಬಾರದು. ಹಾಗೆ ಮಾಡಿದರೆ ಹಲವು ತುದಿಗಳು ಸ್ಪರ್ಧಿಸಿ ಬೆಳೆದು, ದುರ್ಬಲ ಸಂಧಿಗಳಲ್ಲಿ ಸೀಳಿ ಬೀಳುವ ಸಂಭವ ಹೆಚ್ಚುತ್ತದೆ. ಮರದ ಬುಡದವರೆಗೆ ಕಾಂಕ್ರೀಟು ಅಥವಾ ಹಾಸುಗಲ್ಲು ಹಾಕುವ ಪದ್ಧತಿಯೂ ಹಾನಿಕರ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಲೇಬೇಕು.

ವಾಲಿದ ಮರವೆಲ್ಲ ಬೀಳುವ ಮರವಲ್ಲ

ಕುಕ್ ಪೈನ್ ಮರಗಳು ಒಂದು ಕಡೆಗೆ ವಾಲಿರುವುದನ್ನು ಕಂಡು ನಿವಾಸಿಗಳು ಗಾಬರಿಯಾಗುವುದುಂಟು. 2017ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯದ ಸಸ್ಯವಿಜ್ಞಾನಿಗಳು ಐದು ಖಂಡಗಳಲ್ಲಿನ 256 ಮರಗಳನ್ನು ಅಳೆದು ಒಂದು ಕುತೂಹಲಕರ ಸಂಗತಿಯನ್ನು ಪ್ರಕಟಿಸಿದರು. ಈ ಜಾತಿಯ ಮರಗಳು ಸರಾಸರಿ ಎಂಟೂವರೆ ಡಿಗ್ರಿಯಷ್ಟು ಸಮಭಾಜಕ ವೃತ್ತದ ಕಡೆಗೆ ವಾಲುತ್ತವೆ. ಉತ್ತರ ಗೋಲಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಲಾರ್ಧದಲ್ಲಿ ಉತ್ತರಕ್ಕೆ. ಸಮಭಾಜಕದಿಂದ ದೂರ ಹೋದಂತೆ ಓಲುವಿಕೆ ಹೆಚ್ಚು. ಆದ್ದರಿಂದ ಠಾಣೆ ಅಥವಾ ವಾಶಿಯ ಕುಕ್ ಪೈನ್ ಒಂದು ವರ್ಷಾನುವರ್ಷದಿಂದ ತುಸುವೇ ದಕ್ಷಿಣಕ್ಕೆ ಬಾಗಿದ್ದರೆ ಅದು ಅದರ ಸ್ವಭಾವ. ಅಷ್ಟರಿಂದಲೇ ಅದನ್ನು ಅಪಾಯಕಾರಿ ಎನ್ನಲಾಗದು.

ನಿಜವಾದ ಅಪಾಯದ ಲಕ್ಷಣಗಳು ಬೇರೆ. ಓಲುವಿಕೆ ಇತ್ತೀಚಿನದಾಗಿದ್ದು ಬೇಗ ಹೆಚ್ಚುತ್ತಿರುವುದು, ಬುಡದ ಒಂದು ಪಕ್ಕದಲ್ಲಿ ಮಣ್ಣು ಬಿರಿದಿರುವುದು ಅಥವಾ ಉಬ್ಬಿರುವುದು, ಬೇರು ಮೇಲೆದ್ದಿರುವುದು, ಬುಡದಲ್ಲಿ ಅಣಬೆ ಅಥವಾ ಪೊಳ್ಳು ಕಾಣುವುದು, ಹತ್ತಿರದಲ್ಲಿ ಕೊಳವೆಗಾಗಿ ಕಾಲುವೆ ತೋಡಿ ಬೇರು ಕತ್ತರಿಸಿರುವುದು. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಮಳೆಯ ಬಳಿಕ ಮರ ಈಶಾನ್ಯಕ್ಕೆ ವಾಲಿ, ನೈಋತ್ಯದ ಕಡೆ ಮಣ್ಣು ಬಿರಿದಿದ್ದರೆ ಬೇರಿನ ಹಿಡಿತ ಸಡಿಲವಾಗಿದೆಯೆಂದೇ ಅರ್ಥ. ಕೂಡಲೇ ಮರದ ಸುತ್ತ ಜನಸಂಚಾರ, ವಾಹನ ನಿಲುಗಡೆಗಳನ್ನು ತಡೆದು ಮಹಾನಗರಪಾಲಿಕೆಯ ಉದ್ಯಾನ ವಿಭಾಗಕ್ಕೆ ಅಥವಾ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.

2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿ ಕರಾವಳಿಯ ಬದಿಯಿಂದ ಹಾದುಹೋದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಮಹಾನಗರ ಪ್ರದೇಶದಲ್ಲೆಲ್ಲ ಅಸಂಖ್ಯ ಮರಗಳು ಉರುಳಿದವು. ಇಂತಹ ಗಾಳಿ ಮತ್ತೆ ಬಾರದೆನ್ನಲು ಆಧಾರವಿಲ್ಲ. ಮೇ ತಿಂಗಳೊಳಗೆ ಸಂಘದ ಎಲ್ಲ ಮರಗಳನ್ನೂ ತಿಳಿದವರಿಂದ ಪರೀಕ್ಷೆ ಮಾಡಿಸುವುದು ಪದಾಧಿಕಾರಿಗಳ ವಾರ್ಷಿಕ ಕರ್ತವ್ಯಗಳಲ್ಲೊಂದಾಗಬೇಕು.

ಕಾನೂನಿನ ನಿಬಂಧನೆಗಳು

ತಾನೇ ನೆಟ್ಟ ಮರ, ತನ್ನದೇ ಅಂಗಳ. ಕಡಿಯಲು ಯಾರ ಅನುಮತಿ ಬೇಕು ಎಂಬ ಭಾವನೆ ಸಾಮಾನ್ಯ. ಅದು ಸರಿಯಲ್ಲ. ಮಹಾರಾಷ್ಟ್ರದ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯಿದೆ 1975ರಲ್ಲಿ ಜಾರಿಗೆ ಬಂದಿದೆ. ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಮಹಾನಗರಪಾಲಿಕೆಗಳಿಗೂ ಅದು ಅನ್ವಯಿಸುತ್ತದೆ. ಖಾಸಗಿ ನೆಲದಲ್ಲಿರುವ ಮರವನ್ನು ಕಡಿಯಲು ಸಹ ಈ ಕಾಯಿದೆಯಂತೆ ಪೂರ್ವಾನುಮತಿ ಪಡೆಯಬೇಕು. ಅನುಮತಿಯಿಲ್ಲದೆ ಕಡಿಯುವುದು ಶಿಕ್ಷಾರ್ಹ. ವಿದೇಶಿ ಜಾತಿಯ ಮರವೆಂಬ ಕಾರಣದಿಂದ ವಿನಾಯಿತಿ ದೊರೆಯುತ್ತದೆಂದು ಭಾವಿಸಬಾರದು. 2021ರ ತಿದ್ದುಪಡಿಯಂತೆ ಐವತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಪರಿಗಣಿಸಲಾಗುತ್ತದೆ. ಅನುಮತಿ ಪಡೆದು ಕಡಿದ ಮರಕ್ಕೆ ಬದಲಾಗಿ ಅದರ ವಯಸ್ಸಿಗೆ ಸಮನಾದ ಸಂಖ್ಯೆಯ ಮರಗಳನ್ನು ನೆಡಬೇಕೆಂಬ ನಿಯಮವೂ ಆಗ ಸೇರಿತು. ಇಪ್ಪತ್ತು ವರ್ಷದ ಒಂದು ಮರವನ್ನು ತಪ್ಪು ಸ್ಥಳದಲ್ಲಿ ನೆಟ್ಟುದಕ್ಕೆ ಇಪ್ಪತ್ತು ಸಸಿಗಳಿಗೆ ಸ್ಥಳ ಹುಡುಕಬೇಕಾದೀತು.

ಮಳೆಗಾಲಕ್ಕೆ ಮುನ್ನ ಕೊಂಬೆಗಳನ್ನು ಸವರಿಸುವುದಕ್ಕೂ ಪಾಲಿಕೆಯ ಅನುಮತಿ ಪಡೆಯುವುದು ಕ್ಷೇಮ. ಗೃಹನಿರ್ಮಾಣ ಸಂಘವು ಗಿಡ ನೆಡುವ ಮುನ್ನವೇ ವಿಷಯವನ್ನು ಸಭೆಯಲ್ಲಿ ಚರ್ಚಿಸಿ, ಸ್ಥಳ, ಜಾತಿ, ನೀರೆರೆಯುವ ಹೊಣೆಗಳನ್ನು ಠರಾವಿನಲ್ಲಿ ದಾಖಲಿಸಿದರೆ ಮುಂದಿನ ಮನಸ್ತಾಪಗಳು ತಪ್ಪುತ್ತವೆ. ಕೆಳ ಅಂತಸ್ತಿನವರಿಗೆ ಬೆಳಕು ಕಡಿಮೆಯಾಗುವುದೇ ಎಂಬುದನ್ನು ಅವರನ್ನೇ ಕೇಳಿ ತಿಳಿಯುವುದು ನೆರೆಹೊರೆಯ ಸೌಜನ್ಯ.

ಮುಕ್ತಾಯ

ಪರಿಸರವನ್ನು ಕಾಪಾಡಿ ಉತ್ತಮಗೊಳಿಸುವುದು ಸಂವಿಧಾನದ 51ಎ ಅನುಚ್ಛೇದದಂತೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಮರ ನೆಡುವುದು ಆ ಕರ್ತವ್ಯದ ಒಂದು ಭಾಗವಾದರೆ, ಅದು ಪೂರ್ಣಾಯುಷ್ಯ ಬಾಳುವಂತಹ ಸ್ಥಳವನ್ನು ಆರಿಸುವುದು ಇನ್ನೊಂದು ಭಾಗ. ಅಂಗಳ ವಿಶಾಲವಾಗಿದ್ದು ನೀರು ಬಸಿದುಹೋಗುವ ನೆಲವಿದ್ದರೆ ಕುಕ್ ಪೈನ್ ಮರವನ್ನು ನಿಸ್ಸಂಕೋಚವಾಗಿ ನೆಡಬಹುದು. ಅಂಗಳ ಕಿರಿದಾಗಿದ್ದರೆ ಥೂಜಾ ಅಥವಾ ದಾರಿಬದಿಯ ಅಶೋಕ ಸಾಕು. ನೆಲವೇ ಇಲ್ಲದವರು ಕುಂಡದಲ್ಲಿ ಎಳೆಯ ಅರಾಕೇರಿಯವನ್ನು ಕೆಲವು ವರ್ಷ ಬೆಳೆಸಿ, ಕುಂಡ ಸಾಲದಾಗುವ ಮೊದಲೇ ಅದನ್ನು ವಿಶಾಲವಾದ ಶಾಲಾ ಮೈದಾನಕ್ಕೋ ಉದ್ಯಾನಕ್ಕೋ ಅಲ್ಲಿಯವರ ಒಪ್ಪಿಗೆ ಪಡೆದು ಕೊಡಬಹುದು.

ಗುಂಡಿ ತೋಡಿ ಸಸಿ ನೆಡಲು ಅರ್ಧ ದಿನ ಸಾಕು. ಅದರ ನೆರಳಿನಲ್ಲಿಯೂ ಅದರ ಕೆಳಗಿನ ದಾರಿಯಲ್ಲಿಯೂ ನಡೆದಾಡುವವರು ಮುಂದಿನ ಐವತ್ತು ವರ್ಷಗಳ ಜನ. ಅವರಲ್ಲಿ ಹೆಚ್ಚಿನವರಿಗೆ ಮರವನ್ನು ನೆಟ್ಟವರಾರೆಂದು ತಿಳಿದಿರುವುದಿಲ್ಲ. ಅವರು ನಿರ್ಭಯವಾಗಿ ನಡೆಯುವಂತೆ ಮಾಡುವುದು ಇಂದು ಗುಂಡಿಯ ಸ್ಥಳವನ್ನು ಗುರುತಿಸುವವರ ಕೈಯಲ್ಲಿದೆ.